ಮೋಡೆಮ್ ಎಲ್ಲಿ ಕೂರಬೇಕು ಅನ್ನೋದನ್ನ ಮನೆಯವರು ಹೇಳಬೇಕು

ಈ ವಾರ ಮಳೆ ಸ್ವಲ್ಪ ಹೊಳವು ಕೊಟ್ಟಿದೆ. ಎರಡನೇ ಸಲದ ಬೋರ್ಡೋ ಹೊಡೆಯೋದು ಬಾಕಿ ಇದೆ, ಅದರ ವಿಷಯ ಮುಂದಿನ ಟಿಪ್ಪಣಿಯಲ್ಲಿ ಬರೀತೀನಿ. ಇವತ್ತಿನದು ತೋಟದ್ದಲ್ಲ, ಮನೆಯೊಳಗಿನ ವಿಷಯ. ಇಂಟರ್ನೆಟ್ ಮೋಡೆಮ್ಮಿನ ಬಗ್ಗೆ. ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ಇದೇನು ಅಡಿಕೆ ಬೆಳೆಗಾರ ಮೋಡೆಮ್ಮಿನ ಬಗ್ಗೆ ಬರೀತಾನೆ ಅಂತ ನಗಬೇಡಿ. ನನ್ನ ಓದು ಎಸ್ಸೆಸ್ಸೆಲ್ಸಿವರೆಗೆ. ಆದ್ರೆ ನಮ್ಮ ತೀರ್ಥಹಳ್ಳಿ ಕಡೆ ಹಳ್ಳಿಗಳಲ್ಲಿ ಈಗ ಫೈಬರ್ ವೈರು ಕಂಬದಿಂದ ಕಂಬಕ್ಕೆ, ಮರದಿಂದ ಮರಕ್ಕೆ ಹಾದು ಮನೆಮನೆಗೆ ಬಂದಿದೆ. ಪಹಣಿ ನೋಡೋದು, ಬೆಳೆ ಸಮೀಕ್ಷೆ ಆ್ಯಪಿಗೆ ಫೋಟೋ ಹಾಕೋದು, ಅಡಿಕೆ ರೇಟು ನೋಡೋದು, ಮಕ್ಕಳ ಪರೀಕ್ಷೆ ಅರ್ಜಿ, ಬ್ಯಾಂಕು, ಎಲ್ಲಾ ಅದರಲ್ಲೇ. ನಾಲ್ಕು ಮನೆ ಸುತ್ತಾಡಿ ನೋಡಿದ ಮೇಲೆ ನನಗೆ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಅದನ್ನ ಮೊದಲೇ ಹೇಳಿಬಿಡ್ತೀನಿ.

ಮೋಡೆಮ್ ಎಲ್ಲಿ ಕೂರಬೇಕು ಅನ್ನೋದನ್ನ ವೈರು ಎಳೆಯೋಕೆ ಬಂದ ಹುಡುಗ ತೀರ್ಮಾನ ಮಾಡಬಾರದು. ಮನೆಯ ಟಿವಿಯೂ ತೀರ್ಮಾನ ಮಾಡಬಾರದು. ಆ ಮನೆಯಲ್ಲಿ ಯಾರು ಓದ್ತಾರೆ, ಯಾರು ಕೆಲಸ ಮಾಡ್ತಾರೆ, ಅವರು ಎಲ್ಲಿ ಕೂರ್ತಾರೆ ಅಂತ ನೋಡಿ ಮನೆಯವರೇ ತೀರ್ಮಾನ ಮಾಡಬೇಕು. ಅದೂ ವೈರು ಬರೋಕೆ ಮುಂಚೆ.

ಈಗ ಆಗ್ತಾ ಇರೋದು ಏನು ಅಂತ ನೋಡಿ. ಹುಡುಗ ಬರ್ತಾನೆ, ಹೆಗಲ ಮೇಲೆ ವೈರಿನ ಸುರುಳಿ. ಜಗಲಿಗೆ ಹತ್ತಿ ಅವನು ಕೇಳೋ ಮೊದಲ ಪ್ರಶ್ನೆ "ಟಿವಿ ಎಲ್ಲಿದೆ ಸಾರ್?" ಎರಡನೇ ಪ್ರಶ್ನೆ "ಪ್ಲಗ್ ಪಾಯಿಂಟ್ ಎಲ್ಲಿದೆ?" ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಎರಡೂ ಜಗಲಿಯಲ್ಲೋ ಹಾಲಿನ ಮೂಲೆಯಲ್ಲೋ ಇರತ್ತೆ. ಕಿಟಕಿ ಸಂದಿಯಲ್ಲಿ ವೈರು ತೂರಿಸಿ, ಟಿವಿ ಹಿಂದೆ ಮೊಳೆ ಹೊಡೆದು ಪೆಟ್ಟಿಗೆ ನೇತು ಹಾಕಿ, ಫೋನಿನಲ್ಲಿ ಸ್ಪೀಡ್ ತೋರಿಸ್ತಾನೆ. ಪೆಟ್ಟಿಗೆ ಪಕ್ಕದಲ್ಲೇ ನಿಂತು ನೋಡಿದ್ರೆ ಸ್ಪೀಡ್ ಬಂದೇ ಬರತ್ತೆ. ಎಲ್ಲರಿಗೂ ಖುಷಿ. ಕಾಫಿ ಕುಡಿದು ಅವನು ಹೊರಡ್ತಾನೆ. ಸಂಜೆ ಮಗಳು ಒಳಗಿನ ಕೋಣೆಯಲ್ಲಿ ಪುಸ್ತಕ ಹರಡಿಕೊಂಡು ಕೂತಾಗ ಗೊತ್ತಾಗತ್ತೆ, ಅಲ್ಲಿ ಒಂದು ಗೀಟೂ ಸಿಗ್ನಲ್ ಇಲ್ಲ ಅಂತ.

ಆ ಹುಡುಗನ್ನ ನಾನು ಬೈಯಲ್ಲ. ಜಡಿಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ಗುಡ್ಡ ಹತ್ತಿ ಇಳಿದು ಬಂದಿರ್ತಾನೆ. ಅವತ್ತೇ ಇನ್ನೂ ಮೂರು ಮನೆ ಇರತ್ತೆ. ನಮ್ಮ ಮನೆಯಲ್ಲಿ ಯಾರು ಎಲ್ಲಿ ಕೂತು ಓದ್ತಾರೆ ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ಹೇಳಬೇಕಾದವರು ನಾವು.

ಇನ್ನು ಯಾಕೆ ಹೀಗಾಗತ್ತೆ ಅನ್ನೋದು. ತೋಟಕ್ಕೆ ನೀರು ಬಿಡೋರಿಗೆ ಇದು ಬೇಗ ಅರ್ಥ ಆಗತ್ತೆ.

ಹೊರಗಿಂದ ಬರೋ ಫೈಬರ್ ಅಂದ್ರೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ. ಅದರೊಳಗೆ ಬೆಳಕು ಹರಿಯತ್ತೆ. ಬೆಳಕು ಆ ಎಳೆಯೊಳಗೆ ಕಿಲೋಮೀಟರುಗಟ್ಟಲೆ ಹೋದ್ರೂ ಸ್ವಲ್ಪವೇ ಸೊರಗೋದು. ನಿಮ್ಮ ಮನೆಯೊಳಗೆ ಇನ್ನೊಂದು 20 ಮೀಟರ್ ಎಳೆದ್ರೆ ಅದಕ್ಕೆ ಲೆಕ್ಕವೇ ಇಲ್ಲ. ಅದು ಪೈಪಿನೊಳಗಿನ ನೀರಿದ್ದ ಹಾಗೆ. ಆದ್ರೆ ಮೋಡೆಮ್ಮಿನಿಂದ ನಿಮ್ಮ ಫೋನಿಗೆ ಬರೋದು ಗಾಳಿಯಲ್ಲಿ ಹೋಗೋ ರೇಡಿಯೋ ಅಲೆ. ಅದು ಸ್ಪ್ರಿಂಕ್ಲರ್ ಜೆಟ್ ಇದ್ದ ಹಾಗೆ. ಬಯಲಿದ್ರೆ ದೂರ ಹೋಗತ್ತೆ, ಮರ ಅಡ್ಡ ಬಂದ್ರೆ ಅಲ್ಲೇ ನಿಲ್ಲತ್ತೆ. ಇಲ್ಲಿ ಮರದ ಬದಲು ಗೋಡೆ.

ಜೆಟ್ಟನ್ನ ತೋಟದ ಬೇಲಿ ಮೂಲೆಯಲ್ಲಿ ಯಾರಾದ್ರೂ ನಿಲ್ಲಿಸ್ತಾರಾ? ಅರ್ಧ ನೀರು ಪಕ್ಕದವರ ಗದ್ದೆಗೆ. ಪೈಪು ಹತ್ತು ಉದ್ದ ಹೆಚ್ಚಾದ್ರೂ ತೋಟದ ನಡುವಿಗೆ ತಂದು ನಿಲ್ಲಿಸ್ತೀವಿ. ಜಗಲಿ ಮೂಲೆಯಲ್ಲಿ ಮೋಡೆಮ್ ಇಟ್ರೆ ಅಂಗಳಕ್ಕೆ, ಅಡಿಕೆ ಚಪ್ಪರಕ್ಕೆ ಚೆನ್ನಾಗಿ ಸಿಗ್ನಲ್ ಬರತ್ತೆ. ಒಣಗೋಕೆ ಹಾಕಿದ ಅಡಿಕೆಗೆ ಇಂಟರ್ನೆಟ್ ಬೇಕಾಗಿಲ್ಲ ಮಾರಾಯ್ರೆ.

ನಮ್ಮ ಮಲೆನಾಡಿನ ಮನೆಗಳಿಗೆ ಈ ತೊಂದರೆ ಜಾಸ್ತಿ. ಹಳೇ ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ. ಇಲ್ಲದಿದ್ರೆ ಜಂಬಿಟ್ಟಿಗೆ ಕಲ್ಲು. ಅದರ ಮೇಲೆ ಮಳೆಗಾಲದಲ್ಲಿ ಗೋಡೆ ನೀರು ಕುಡಿದು ತಂಪಾಗಿರತ್ತೆ. ಈ ಅಲೆಯನ್ನ ನೀರು ಹೀರಿಕೊಳ್ಳತ್ತೆ. ಬೇಸಿಗೆಯಲ್ಲಿ ಸರಿಯಾಗಿದ್ದದ್ದು ಆಷಾಢದಲ್ಲಿ ಕುಂಟತ್ತೆ ಅಂತ ಕೆಲವರು ಹೇಳೋದಕ್ಕೆ ಇದೂ ಒಂದು ಕಾರಣ ಇರಬಹುದು. ಹೊಸ ಆರ್‌ಸಿಸಿ ಮನೆಯಾದ್ರೆ ಸ್ಲ್ಯಾಬಿನೊಳಗೆ ಕಬ್ಬಿಣದ ಜಾಲ. ಕಬ್ಬಿಣದ ಬೀರು, ಫ್ರಿಜ್, ತಗಡಿನ ಶೀಟು, ನಿಲುವುಗನ್ನಡಿ, ನೀರಿನ ಟ್ಯಾಂಕು ಇವೆಲ್ಲ ಅಡ್ಡಗಾಲು. ಟಿವಿ ಹಿಂದೆ ಪೆಟ್ಟಿಗೆ ನೇತು ಹಾಕಿದ್ರೆ ಟಿವಿಯೇ ಅಡ್ಡ.

ನಮ್ಮ ಪಕ್ಕದ ಊರಿನ ಒಂದು ಮನೆಯ ಸಂಗತಿ ಹೇಳ್ತೀನಿ. ಹೆಸರು ಬೇಡ. ಆ ಮನೆ ಸೊಸೆ ಬೆಂಗಳೂರಿನ ಕಂಪನಿ ಕೆಲಸ ಊರಿನಿಂದಲೇ ಮಾಡ್ತಿದ್ದಳು. ಅತ್ತೆಗೆ ಮಂಡಿ ನೋವು, ಮನೆಯಲ್ಲಿ ಒಬ್ಬರು ಬೇಕು. ಮೋಡೆಮ್ ಇದ್ದದ್ದು ಜಗಲಿಯ ಟಿವಿ ಹಿಂದೆ. ಆ ಹುಡುಗಿ ದಿನವಿಡೀ ಜಗಲಿಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರಬೇಕು. ಆಳುಗಳು ಕೂಲಿ ಕೇಳೋಕೆ ಬರ್ತಾರೆ, ಅಡಿಕೆ ಚೇಣಿಯವರು ಬರ್ತಾರೆ, ನೆಂಟರು ಬರ್ತಾರೆ, ಬಂದವರೆಲ್ಲ "ಏನಮ್ಮಾ ಸಿನಿಮಾ ನೋಡ್ತಿದೀಯಾ" ಅಂತಾರೆ. ಮೀಟಿಂಗಿನಲ್ಲಿ ಅವಳು ಮಾತಾಡ್ತಿರುವಾಗ ಮಾವನವರು ಪಕ್ಕದಲ್ಲೇ ವಾರ್ತೆ ಹಾಕ್ತಾರೆ. ಒಳಗೆ ಹೋದ್ರೆ ಲೈನ್ ಕಟ್. ಕಂಪನಿಯವರು ಎರಡು ಸಲ ಎಚ್ಚರಿಕೆ ಕೊಟ್ಟರಂತೆ. ಇದು ಆಗೋದಲ್ಲ, ವಾಪಸ್ ಬೆಂಗಳೂರಿಗೆ ಹೋಗ್ತೀನಿ ಅನ್ನೋ ಮಾತು ಬಂತು. ಮನೆಯವರು ಸ್ಪೀಡ್ ಸಾಲಲ್ಲ ಅಂದುಕೊಂಡು ದೊಡ್ಡ ಪ್ಲಾನ್ ಹಾಕಿಸಿದ್ರು. ತಿಂಗಳ ದುಡ್ಡು ಹೆಚ್ಚಾಯ್ತು, ಒಳಗಿನ ಕೋಣೆಗೆ ಬರೋದು ಅಷ್ಟೇ ಇತ್ತು.

ಪಂಪ್ ಎಚ್‌ಪಿ ಜಾಸ್ತಿ ಮಾಡಿ, ಜೆಟ್ ಮಾತ್ರ ಬೇಲಿ ಮೂಲೆಯಲ್ಲೇ ಇಟ್ಟ ಹಾಗಾಯ್ತು ಅದು.

ಕೊನೆಗೆ ಆ ಹುಡುಗಿಯೇ ಅಳತೆ ಟೇಪು ಹಿಡಿದಳು. ಕಿಟಕಿಯಿಂದ ಅಟ್ಟದ ಪಕಾಸಿ ಪಕ್ಕದಲ್ಲಿ ನಡುಮನೆ ಕಂಬದವರೆಗೆ 14 ಮೀಟರ್. ರೆಡಿ ಫೈಬರ್ ಪ್ಯಾಚ್ ಕಾರ್ಡ್ ತರಿಸಿ, ಅದೇ ವೈರಿನ ಹುಡುಗನ್ನ ಕರೆಸಿ ಸೇರಿಸಿದ್ರು. ಅರ್ಧ ಗಂಟೆ ಕೆಲಸ. ಒಂದು ಆಳಿನ ದಿನದ ಕೂಲಿಯಷ್ಟೂ ಖರ್ಚಾಗಲಿಲ್ಲ. ಈಗ ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೆಲಸ ಮಾಡ್ತಾಳೆ. ಪ್ಲಾನ್ ಮತ್ತೆ ಸಣ್ಣದಕ್ಕೆ ಇಳಿಸಿದ್ರು.

ನಾನು ಈ ವಿಷಯಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳೋದು ಇದಕ್ಕೇ. ನಮ್ಮ ಕಡೆ ಮನೆಗಳು ಖಾಲಿ ಆಗ್ತಿವೆ. ದೊಡ್ಡ ದೊಡ್ಡ ತೊಟ್ಟಿಮನೆಯಲ್ಲಿ ಇಬ್ಬರು ಮುದುಕರು, ಒಂದು ನಾಯಿ. ಮಕ್ಕಳು ಹಬ್ಬಕ್ಕೆ ಬಂದ್ರೆ ಎರಡು ದಿನ. ಒಳಗೆ ಕೂತು ಕೆಲಸ ಮಾಡೋ ಹಾಗಿದ್ರೆ ಅವರು ಎರಡು ವಾರ ಇರ್ತಾರೆ, ಕೊಯ್ಲಿನಲ್ಲಿ ಕೈ ಹಾಕ್ತಾರೆ. ಕೆಲವರು ಉಳಿದೇ ಬಿಡಬಹುದು. 2020ರ ಲಾಕ್‌ಡೌನಿನಲ್ಲಿ ನಮ್ಮ ಮಲೆನಾಡಿನ ಮಕ್ಕಳು ಕ್ಲಾಸಿಗೋಸ್ಕರ ಗುಡ್ಡದ ತುದಿಯಲ್ಲಿ ಟಾರ್ಪಾಲಿನ ಕೆಳಗೆ ಕೂತದ್ದನ್ನ ಎಲ್ಲರೂ ನೋಡಿದೀವಿ. ಈಗ ವೈರು ಮನೆ ಬಾಗಿಲಿಗೆ ಬಂದಿದೆ. ಬಾಗಿಲಿನಿಂದ ಓದೋ ಕೋಣೆಗೆ ಇರೋ 14 ಮೀಟರ್ ನಾವು ದಾಟಿಸದಿದ್ರೆ ಅದು ಸರ್ಕಾರದ ತಪ್ಪೂ ಅಲ್ಲ, ಕಂಪನಿ ತಪ್ಪೂ ಅಲ್ಲ.

ಈಗ ಮಾಡಬೇಕಾದ್ದು.

ಮೊದಲು ರೋಗ ಎಲ್ಲಿದೆ ಅಂತ ನೋಡಿ. ಮೋಡೆಮ್ಮಿನ ಎದುರು ಐದಾರು ಅಡಿ ದೂರದಲ್ಲಿ ನಿಂತು ಫೋನಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿ ಬರೆದಿಡಿ. ಆಮೇಲೆ ಓದೋ ಕೋಣೆಗೆ ಹೋಗಿ ಮಾಡಿ. ಎರಡೂ ಕಡೆ ಕಡಿಮೆ ಇದ್ರೆ ತೊಂದರೆ ಲೈನಿನಲ್ಲಿದೆ, ಕಂಪ್ಲೇಂಟ್ ಕೊಡಿ. ಹತ್ತಿರ ಚೆನ್ನಾಗಿದ್ದು ದೂರದಲ್ಲಿ ಬಿದ್ದುಹೋದ್ರೆ ತೊಂದರೆ ಜಾಗದ್ದು. ಆಗ ಪ್ಲಾನ್ ಏರಿಸಬೇಡಿ, ಪೆಟ್ಟಿಗೆ ಸರಿಸಿ. ಒಂದು ವಿಡಿಯೋ ಮೀಟಿಂಗಿಗೆ 3-4 ಎಂಬಿಪಿಎಸ್ ಬಂದ್ರೆ ಸಾಕು. ಸರ್ಕಾರ 2023ರಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳೋಕೆ ಕನಿಷ್ಠ 2 ಎಂಬಿಪಿಎಸ್ ಇರಬೇಕು ಅಂತ ಮಾಡಿದೆ, ಮೊದಲು ಅರ್ಧ ಎಂಬಿಪಿಎಸ್ ಆಗಿತ್ತು. 30-40ರ ಪ್ಲಾನ್ ಇದ್ದವರಿಗೆ ಸಾಲಲ್ಲ ಅಂತಾದ್ರೆ ಗೋಡೆ ಮೇಲೆ ಅನುಮಾನ ಪಡಿ.

ಹೊಸದಾಗಿ ಹಾಕಿಸೋರಿಗೆ ಒಂದು ಸುಲಭ ಪರೀಕ್ಷೆ ಇದೆ. ಒಂದು ಫೋನಿನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ, ಮೋಡೆಮ್ ಇಡಬೇಕು ಅಂದುಕೊಂಡ ಜಾಗದಲ್ಲಿ ಇಡಿ. ಇನ್ನೊಂದು ಫೋನನ್ನ ಅದಕ್ಕೆ ಸೇರಿಸಿ ಮನೆಯೆಲ್ಲ ಓಡಾಡಿ. ಎಲ್ಲಿ ಗೀಟು ಇಳಿಯತ್ತೆ ನೋಡಿ. ಫೋನಿನ ಹಾಟ್‌ಸ್ಪಾಟ್ ಮೋಡೆಮ್ಮಿನಷ್ಟು ಜೋರಿರಲ್ಲ, ಆದ್ರೆ ಯಾವ ಗೋಡೆ ಕೆಟ್ಟದ್ದು ಅಂತ ತಿಳಿಯತ್ತೆ. ಎರಡು ಮೂರು ಜಾಗ ಹೀಗೆ ನೋಡಿ, ಒಂದು ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅಲ್ಲಿಗೆ ಪ್ಲಗ್ ಪಾಯಿಂಟ್ ಮೊದಲೇ ಮಾಡಿಸಿ. ವೈರಿನ ಹುಡುಗ ಬಂದಾಗ ತೋರಿಸಿ, "ತಮ್ಮಾ ಇಲ್ಲಿಗೆ ಬರಬೇಕು" ಅನ್ನಿ. ಅವನಿಗೂ ಕೆಲಸ ಸಲೀಸು.

ಜಾಗ ಹೇಗಿರಬೇಕು? ಮನೆಯ ನಡುಭಾಗ, ಆದ್ರೆ ಓದೋ, ಕೆಲಸ ಮಾಡೋ ಕೋಣೆ ಕಡೆಗೆ ವಾಲಿರಲಿ. ನೆಲದಿಂದ ಐದಾರು ಅಡಿ ಎತ್ತರ. ಎದುರಿಗೆ ಬಯಲು. ಕಪಾಟಿನೊಳಗೆ ಬೇಡ, ಮೇಲೆ ಬಟ್ಟೆ ಹೊದಿಸಬೇಡಿ, ಅದು ಬಿಸಿಯಾಗತ್ತೆ. ಬೆಚ್ಚಗಿರೋ ಪೆಟ್ಟಿಗೆ ಅಂದ್ರೆ ಇರುವೆಗಳಿಗೂ ಇಷ್ಟ, ಆಗಾಗ ನೋಡ್ತಿರಿ. ಅಡುಗೆಮನೆ ಹೊಗೆ, ಮಸಿ ಬೇಡ. ಮೈಕ್ರೋವೇವ್ ಇದ್ದವರು ಅದರಿಂದ ದೂರ ಇಡಿ, ಅದು ಓಡುವಾಗ ಹೊರಬೀಳೋದು ಇದೇ 2.4 ಗಿಗಾಹರ್ಟ್ಸಿನ ಅಲೆ.

ನಡುಮನೆ ಅಂದ ಕೂಡಲೇ ನಮ್ಮಲ್ಲಿ ಒಂದು ಸಂಕಟ. ಹಳೇ ಮನೆಗಳಲ್ಲಿ ನಡುವಿನಲ್ಲಿ ದೇವರ ಕೋಣೆ. ಅಜ್ಜಿಯಂದಿರು ಒಪ್ಪಲ್ಲ, ಒಪ್ಪಿಸೋಕೆ ಹೋಗೋದೂ ಬೇಡ. ದೇವರ ಕೋಣೆಯೊಳಗೆ ಇಡಬೇಕಾಗಿಲ್ಲ, ಅದರ ಹೊರಗಿನ ಕಂಬಕ್ಕೋ ನಡುಮನೆ ಬಾಗಿಲ ಮೇಲಕ್ಕೋ ಹಾಕಿದ್ರೆ ಸಾಕು. ತೆರೆದ ಬಾಗಿಲಿನ ನೇರಕ್ಕೆ ಬಂದ್ರೆ ಇನ್ನೂ ಒಳ್ಳೆಯದು, ಅಲೆ ಬಾಗಿಲಲ್ಲಿ ಸುಲಭವಾಗಿ ದಾಟತ್ತೆ.

ಕೋಲು ಇರೋ ಮೋಡೆಮ್ ಆದ್ರೆ, ಕೋಲು ನೆಟ್ಟಗೆ ನಿಂತಾಗ ಅಲೆ ಸುತ್ತಲೂ ಅಗಲಕ್ಕೆ ಹರಡತ್ತೆ, ಮೇಲೆ ಕೆಳಗೆ ಕಡಿಮೆ. ಒಂದೇ ಅಂತಸ್ತಿನ ಮನೆಗೆ ನೆಟ್ಟಗಿರಲಿ. ಮಾಳಿಗೆ ಮೇಲೂ ಬೇಕು ಅಂದ್ರೆ ಒಂದು ಕೋಲನ್ನ ಅಡ್ಡ ಮಲಗಿಸಿ ನೋಡಿ.

ಈಗಿನ ಹೆಚ್ಚಿನ ಮೋಡೆಮ್‌ಗಳಲ್ಲಿ ವೈಫೈ ಎರಡು ಹೆಸರಿನಲ್ಲಿ ಕಾಣತ್ತೆ. ಒಂದರ ಕೊನೆಗೆ 5ಜಿ ಅಂತ ಇರತ್ತೆ. ಅದು ಮೊಬೈಲ್ ಟವರಿನ 5ಜಿ ಅಲ್ಲ, 5 ಗಿಗಾಹರ್ಟ್ಸ್ ಅಂತ ಅರ್ಥ. ಇನ್ನೊಂದು 2.4. 5ರದ್ದು ವೇಗ ಹೆಚ್ಚು, ಗೋಡೆ ಎದುರು ದುರ್ಬಲ. 2.4ರದ್ದು ವೇಗ ಕಡಿಮೆ, ಗೋಡೆ ಸ್ವಲ್ಪ ಚೆನ್ನಾಗಿ ದಾಟತ್ತೆ. ಅದೇ ಕೋಣೆಯಲ್ಲಿದ್ರೆ 5, ಎರಡು ಗೋಡೆ ಆಚೆ ಇದ್ರೆ 2.4. ಇಷ್ಟು ಬದಲಿಸಿದ್ರೇ ಕೆಲವರ ತೊಂದರೆ ಹೋಗತ್ತೆ.

ವೈರಿನ ವಿಷಯ. ಗಾಜಿನ ಎಳೆ ಅಂದೆನಲ್ಲ, ಅದನ್ನ ಚೂಪಾಗಿ ಮಡಿಸಬಾರದು. ಮೂಲೆಯಲ್ಲಿ ದುಂಡಗೆ ತಿರುಗಿಸಿ. ಉಳಿದದ್ದನ್ನ ಅಗಲವಾದ ಸುರುಳಿ ಮಾಡಿ ಕಟ್ಟಿ, ಅದರ ಮೇಲೆ ಮೊಳೆ, ಬಾಗಿಲು, ಬೀರು ಕಾಲು ಬೀಳಬಾರದು. ತುದಿಯ ಕನೆಕ್ಟರ್ ಹಸಿರು ಬಣ್ಣದ್ದಾದ್ರೆ ಹಸಿರಿಗೇ ಸೇರಿಸಬೇಕು, ನೀಲಿಗೆ ಅಲ್ಲ. ತುದಿ ಬಿಚ್ಚಿದಾಗ ಕಣ್ಣಿನ ನೇರ ಹಿಡಿದು ನೋಡಬೇಡಿ, ಮಕ್ಕಳಿಗೂ ಹೇಳಿ. ಅದರಲ್ಲಿ ಬರೋ ಬೆಳಕು ಕಣ್ಣಿಗೆ ಕಾಣಲ್ಲ, ಆದ್ರೆ ಇರತ್ತೆ. ಮೋಡೆಮ್ಮಿನ ಮೇಲೆ ಎಲ್‌ಓಎಸ್ ಅಂತ ಬರೆದ ದೀಪ ಕೆಂಪಾದ್ರೆ ಬೆಳಕು ಬರ್ತಿಲ್ಲ ಅಂತ. ತೋಟದಲ್ಲಿ ದೋಟಿ ತಾಗಿಯೋ, ಮರ ಬಿದ್ದೋ, ಮಂಗ ಜಗ್ಗಿಯೋ ಎಲ್ಲೋ ತುಂಡಾಗಿರತ್ತೆ. ಆಗ ಸ್ವಿಚ್ ಹತ್ತು ಸಲ ಹಾಕಿ ತೆಗೆದು ಪ್ರಯೋಜನ ಇಲ್ಲ.

ಲೈನ್ ಹಾಕಿದ ದಿನ ಹುಡುಗನ ಹತ್ತಿರ ಪವರ್ ಮೀಟರ್ ಇದ್ರೆ ಅಳೆದು ತೋರಿಸಿ ಅನ್ನಿ. ಮೈನಸ್ಸಿನಲ್ಲಿ ಒಂದು ಅಂಕಿ ಬರತ್ತೆ. ಮೈನಸ್ 20ರ ಆಸುಪಾಸು ಇದ್ರೆ ಒಳ್ಳೆಯದು, ಮೈನಸ್ 27 ಹತ್ತಿರ ಬಂದ್ರೆ ಇವತ್ತಲ್ಲ ನಾಳೆ ತಕರಾರು. ಆ ಅಂಕಿಯನ್ನ ಗೋಡೆ ಮೇಲೆ ಬರೆದಿಡಿ. ಮುಂದೆ ಕಂಪ್ಲೇಂಟ್ ಕೊಡುವಾಗ ಮೊದಲು ಇಷ್ಟಿತ್ತು, ಈಗ ಇಷ್ಟಾಗಿದೆ ಅಂತ ಹೇಳೋಕೆ ಬರತ್ತೆ.

ಸಿಡಿಲಿನ ವಿಷಯ ಮರೀಬೇಡಿ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ, ನಿಜ. ಆದ್ರೆ ಹೊರಗಿನ ವೈರಿನ ಜೊತೆಗೆ ಗಟ್ಟಿಗೆ ಅಂತ ಉಕ್ಕಿನ ತಂತಿ ಇರತ್ತೆ. ಅದನ್ನ ಹೊರಗಿನ ಕೊಕ್ಕೆಗೇ ಕಟ್ಟಿ ನಿಲ್ಲಿಸಬೇಕು, ಮನೆಯೊಳಗೆ ತರಬಾರದು. ಮೋಡೆಮ್ಮಿನ ಅಡಾಪ್ಟರ್ ಕರೆಂಟಿಗೆ ಸೇರಿರತ್ತೆ, ಸಿಡಿಲು ಬರೋ ದಾರಿ ಅದು. ಗುಡುಗು ಶುರುವಾದ್ರೆ ಪ್ಲಗ್ ಕಿತ್ತು ಇಡಿ. ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ. ಕೊಟ್ಟಿಗೆಗೋ ಅಡಿಕೆ ಮನೆಗೋ ಇಂಟರ್ನೆಟ್ ಬೇಕು ಅಂತ ತಾಮ್ರದ ಲ್ಯಾನ್ ಕೇಬಲ್ಲನ್ನ ಮರದ ಮೇಲೆ ಎಳೆಯೋರಿದ್ದಾರೆ. ಲ್ಯಾನ್ ಕೇಬಲ್ 100 ಮೀಟರಿನವರೆಗೆ ಕೆಲಸ ಮಾಡತ್ತೆ, ಆದ್ರೆ ನಮ್ಮ ಸಿಡಿಲಿನ ಊರಿಗೆ ಬಯಲಲ್ಲಿ ಅದು ಬೇಡ. ಹೊರಗೆ ಹೋಗೋದಿದ್ರೆ ಫೈಬರೇ ಎಳೆಸಿ. ಮನೆಯೊಳಗಾದ್ರೆ ಲ್ಯಾನ್ ಒಳ್ಳೆಯದು, ದಪ್ಪ ಗೋಡೆ ಆಚೆಗೆ ಕೇಬಲ್ ದಾಟಿಸಿ ಇನ್ನೊಂದು ಸಣ್ಣ ರೌಟರ್ ಇಟ್ಟರೆ ಆಯ್ತು.

ಕರೆಂಟ್ ಹೋದಾಗ? ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಇರೋದೇ ಸುದ್ದಿ. ಇನ್ವರ್ಟರ್ ಲೈನಿನ ಪ್ಲಗ್ಗಿಗೆ ಹಾಕಿ. ಅದಿಲ್ಲದವರು ಮೋಡೆಮ್ಮಿಗೆ ಅಂತಲೇ ಬರೋ ಸಣ್ಣ ಯುಪಿಎಸ್ ತಗೊಳ್ಳಿ. ಹೆಚ್ಚಿನ ಮೋಡೆಮ್‌ಗಳು 12 ವೋಲ್ಟಿನವು, ಆದ್ರೂ ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪ್ ನೋಡಿಯೇ ತಗೊಳ್ಳಿ. ಕರೆಂಟ್ ಬಿಲ್ಲಿಗೆ ಹೆದರಬೇಡಿ. ಪೆಟ್ಟಿಗೆ 10 ವ್ಯಾಟ್ ತಗೊಂಡ್ರೆ ತಿಂಗಳಿಡೀ ಓಡಿದ್ರೂ 7 ಯೂನಿಟ್ ಆಸುಪಾಸು.

ಮನೆ ನಡುವೆ ಇಟ್ರೆ ರೇಡಿಯೇಷನ್ ಅಲ್ವಾ ಅಂತ ಹಿರಿಯರು ಕೇಳ್ತಾರೆ. ಕೇಳೋದು ತಪ್ಪಲ್ಲ. ಮೋಡೆಮ್ಮಿನ ವೈಫೈ ಬಿಡೋ ಶಕ್ತಿ ಹೆಚ್ಚೂಕಡಿಮೆ ಒಂದು ವ್ಯಾಟಿನ ಹತ್ತನೇ ಒಂದು ಭಾಗ, ಅದೂ ನಮ್ಮಿಂದ ಹತ್ತು ಅಡಿ ದೂರದಲ್ಲಿ. ಕಿವಿಗೆ ಒತ್ತಿ ಹಿಡಿಯೋ ಮೊಬೈಲ್ ಅದಕ್ಕಿಂತ ಹೆಚ್ಚು ಬಿಡಬಲ್ಲದು. ಟವರ್ ಸಿಗ್ನಲ್ ಸರಿಯಿಲ್ಲದ ಕಡೆ ಅದು ಇನ್ನೂ ಜೋರು ಮಾಡತ್ತೆ. ಜಗಲಿಯ ಮೋಡೆಮ್ಮಿಗೆ ಹೆದರಿ ಮೊಬೈಲ್ ತಲೆದಿಂಬಿನಡಿ ಇಟ್ಟು ಮಲಗೋದರಲ್ಲಿ ಅರ್ಥ ಇಲ್ಲ. ಮಲಗೋ ಮಂಚದ ತಲೆಹತ್ತಿರ ಮೋಡೆಮ್ ಬೇಡ ಅನ್ಸಿದ್ರೆ ಬೇಡ, ಬೇರೆ ಜಾಗ ಇದೆ.

ಇನ್ನೊಂದು ಮಾತೂ ಬರತ್ತೆ. "ನಡುಮನೆಗೆ ತಂದ್ರೆ ಹೆಣ್ಣುಮಕ್ಕಳು, ಹುಡುಗರು ದಿನವಿಡೀ ಫೋನಿನಲ್ಲೇ ಇರ್ತಾರೆ, ಜಗಲಿಯಲ್ಲಿದ್ರೆ ಕಣ್ಣೆದುರಿಗೆ ಇರ್ತಾರೆ." ಇದನ್ನ ನಾನು ಒಪ್ಪಲ್ಲ. ಫೋನ್ ಚಟ ಹಿಡಿದವನು ಜಗಲಿಯಲ್ಲೂ ನೋಡ್ತಾನೆ, ನಾವು ಹಿರಿಯರೇ ಅದರಲ್ಲಿ ಮುಂದಿದೀವಿ. ಓದೋ ಮಗಳಿಗೆ ಬಾಗಿಲು ಹಾಕಿಕೊಂಡು ಕೂರೋಕೆ ಒಂದು ಕೋಣೆ, ಅಲ್ಲಿಗೆ ತಲುಪೋ ಇಂಟರ್ನೆಟ್, ಇಷ್ಟನ್ನ ಕೊಡದೆ ಕಣ್ಣೆದುರಿಗೆ ಕೂರಿಸಿಕೊಂಡ್ರೆ ಅವಳ ಓದು ಹಾಳು. ಲೆಕ್ಕ ನೋಡೋ ಹೆಂಡತಿ, ಹಾಲಿನ ಡೈರಿ ಕಾಗದ ನೋಡೋ ಸೊಸೆ, ಎಲ್ಲರೂ ಒಳಗೇ ಇರೋರು. ವಾರ್ತೆ ನೋಡೋ ಗಂಡಸರು ಮಾತ್ರ ಜಗಲಿಯವರು. ಪೆಟ್ಟಿಗೆ ಯಾರ ಹತ್ತಿರ ಇರಬೇಕು, ನೀವೇ ಹೇಳಿ. ಟಿವಿಗೆ ಬೇಕಾದ್ರೆ ಒಂದು ಕೇಬಲ್ ಎಳೆದುಕೊಂಡ್ರೆ ಆಯ್ತು, ಅದು ಓಡಾಡಲ್ಲ.

ಕೊನೆಗೊಂದು ಸಣ್ಣ ವಿಷಯ. ಪಾಸ್‌ವರ್ಡ್. ಹುಡುಗ ಇಟ್ಟುಹೋದದ್ದನ್ನೇ ಇಟ್ಟುಕೊಳ್ಳಬೇಡಿ. ಪೆಟ್ಟಿಗೆ ಕೆಳಗಿನ ಚೀಟಿಯಲ್ಲಿ ವೈಫೈ ಪಾಸ್‌ವರ್ಡ್ ಇರತ್ತೆ, ಮೋಡೆಮ್ಮಿನ ಒಳಗೆ ಹೋಗೋ ಪಾಸ್‌ವರ್ಡೂ ಇರತ್ತೆ, ಎರಡನ್ನೂ ಬದಲಿಸಿ. ಮಕ್ಕಳಿಗೆ ಬರತ್ತೆ, ಮಾಡಿಕೊಡ್ತಾರೆ. ನಿಮ್ಮ ಬ್ಯಾಂಕ್ ವ್ಯವಹಾರವೂ ಅದರ ಮೇಲೇ ಹೋಗೋದು.

ಇಷ್ಟು. ಮೋಡೆಮ್ ಜಗಲಿಯಲ್ಲಿದ್ದವರು ಈ ಭಾನುವಾರ ಫೋನ್ ಹಿಡಿದು ಮನೆಯೊಳಗೆ ಒಂದು ಸುತ್ತು ಹಾಕಿ, ಓದೋ ಕೋಣೆಯಲ್ಲಿ ಎಷ್ಟು ಬರ್ತಿದೆ ನೋಡಿ. ಸರಿಸಿದವರು ಎಷ್ಟು ಮೀಟರ್ ವೈರು ಬೇಕಾಯ್ತು, ಯಾವ ಗೋಡೆ ದಾಟಿಸಿದ್ರಿ, ಏನು ವ್ಯತ್ಯಾಸ ಬಂತು ಅಂತ ಇಲ್ಲಿ ಬರೀರಿ. ಮಣ್ಣಿನ ಗೋಡೆ ಮನೆಯವರ ಅನುಭವ ಬಂದ್ರೆ ಉಳಿದವರಿಗೂ ಉಪಯೋಗ ಆಗತ್ತೆ. ಮುಂದಿನ ವಾರ ಬೋರ್ಡೋ ಮಿಶ್ರಣಕ್ಕೆ ಸುಣ್ಣ ಆರಿಸೋ ವಿಷಯ ಬರೀತೀನಿ.